ಓರಿನ್ ಕೇಳಿದ ಹಾಡು

ಆ ಭಾನುವಾರ ಬೆಳಿಗ್ಗೆ ಅಮೆರಿಕದ ವರ್ಮಾಂಟಿನ ಬೆಟ್ಟಗಳ ಮೇಲೆ ಎಳೆಬಿಸಿಲು ಬಿದ್ದು, ಸೂರಂಚಿನ ಹಿಮ ತೊಟ್ಟಿಕ್ಕತೊಡಗಿತ್ತು. ಮನೆಯೊಳಗೆ ಮಾತ್ರ ಇನ್ನೂ ಚಳಿಗಾಲ! ಊರ ಮಕ್ಕಳಿಗೆಲ್ಲ ಸಂಗೀತ ಕಲಿಸುವ ಫಿಲೀನಾ, ಜೋಳದ ಗಂಜಿಯ ಬಟ್ಟಲನ್ನು ಅತ್ತಿಗೆ ಡ್ರುಸಿಲ್ಲಾಳ ಮುಂದಿಟ್ಟಳು.

"ಅತ್ತಿಗೆ, ನಾಳೆ ನಾನು ಒಹಾಯೊದ ಶಾಲೇಲಿ ಪಾಠ ಹೇಳೋಕೆ ಹೊರಟುಬಿಡ್ತೀನಿ. ಇವತ್ತೊಂದು ದಿನ... ಹಾಡೋವಾಗ ನನ್ನ ಕಡೆ ತಿರುಗಿ."

ಆ ಊರಿನ ದೇವಮಂದಿರದಲ್ಲಿ ಹಾಡುವವರು ನಿಲ್ಲುವುದು ಹಿಂಬದಿಯ ಅಟ್ಟದ ಮೇಲೆ. ಕೀರ್ತನೆ ಶುರುವಾಯಿತೆಂದರೆ ಜನರೆಲ್ಲ ಎದ್ದು, ಪಾದ್ರಿಗೆ ಬೆನ್ನು ಮಾಡಿ, ಅಟ್ಟದತ್ತ ಮುಖ ತಿರುಗಿಸುತ್ತಾರೆ. ಮಗ ಓರಿನ್‌ನನ್ನು ಮಣ್ಣು ಮಾಡಿದ ಮೇಲೆ ಡ್ರುಸಿಲ್ಲಾ ಒಬ್ಬಳೇ ತಿರುಗದೆ ನಿಲ್ಲುತ್ತಿದ್ದಳು.

"ಯಾಕೆ ತಿರುಗ್ಲಿ, ಮೇಷ್ಟ್ರಮ್ಮ? ನನ್ನ ಕೂಸು ಪೆಟ್ಟಿಗೇಲಿ ಮಲಗಿದ್ದಾಗ ನಿನ್ನ ಗಂಟಲು ಒಂದು ಸಲಾನೂ ನಡುಗ್ಲಿಲ್ಲ! ಕಬ್ಬಿಣದ ಕಂಠ ನಿಂದು!"

"ಸಾಕು ಬಿಡೇ..." ಎಂದ ಗಂಡ ಏಸಹೆಲ್.

"ನಿಮ್ಮ ತಂಗಿ ಅಲ್ವಾ, ನಿಮಗೆ ಸಾಕೇ ಆಗತ್ತೆ!"

ಫಿಲೀನಾ ಕೀರ್ತನೆಯ ಪುಸ್ತಕವನ್ನು ಕೈಗೆತ್ತಿಕೊಂಡಳು. ಮಗುವನ್ನು ಕಳೆದುಕೊಂಡವಳೊಡನೆ ವಾದಿಸಿ ಗೆದ್ದರೆ ದೇವರು ಮೆಚ್ಚುವನೇ?

ಕೊನೆಯ ದಿನವೆಂದು, ಅಟ್ಟದ ಮೇಲೆ ಹಾಡುವವರ ಮುಂದೆ ನಿಂತ ಫಿಲೀನಾ ಆರಿಸಿಕೊಂಡಿದ್ದು, ಓರಿನ್‌ನ ಮಣ್ಣಿಗೆ ಹಾಡಿದ್ದ ಕೀರ್ತನೆಯನ್ನೇ. ಜನ ತಿರುಗಿದರು. ಅಷ್ಟೊಂದು ಮುಖಗಳ ನಡುವೆ ಕಪ್ಪು ಟೋಪಿ ತೊಟ್ಟ ಡ್ರುಸಿಲ್ಲಾಳ ಬೆನ್ನು... ಮೊದಲ ಚರಣ ಹೇಗೋ ದಾಟಿತು. ಎರಡನೆಯದರಲ್ಲಿ ಫಿಲೀನಾಳ ದನಿ ಒಡೆದು, ನಿಂತೇಹೋಯಿತು! ಅವಳನ್ನೇ ನಂಬಿ ಹಾಡುತ್ತಿದ್ದವರೂ ಮೂಕರಾದರು. ಆ ಮೌನದಲ್ಲಿ ಅವಳ ಬಿಕ್ಕು ಮಾತ್ರ ಕೇಳುತ್ತಿತ್ತು.

ಡ್ರುಸಿಲ್ಲಾ ತಿರುಗಿದಳು. ಅಟ್ಟದ ಮೆಟ್ಟಿಲು ಹತ್ತಿ ಬಂದು ನಾದಿನಿಯ ಭುಜ ಹಿಡಿದು ಪಿಸುಗುಟ್ಟಿದಳು: "ಇಷ್ಟು ಅಳು ಒಳಗಿಟ್ಕೊಂಡು... ಅವತ್ತು ಯಾಕೆ ಅಳಲಿಲ್ಲ ನೀನು?"

"ಹೋಗೋ ಮುಂಚೆ ಕಂದ ಮಾತು ತಗೊಂಡಿದ್ದ, ಅತ್ತಿಗೆ. 'ಅತ್ತೆ, ನನ್ನ ಹಾಡು ಪೂರ್ತಿ ಹಾಡು. ನೀನೂ ಅತ್ತುಬಿಟ್ರೆ ಅಮ್ಮನ್ನ ಹಿಡ್ಕೊಳ್ಳೋರು ಯಾರು?' ಅಂದಿದ್ದ..."

"ಅಯ್ಯೋ, ನನ್ನಪ್ಪಾ!"

ಬಹಳ ಹೊತ್ತು ಇಬ್ಬರೂ ತಬ್ಬಿ ನಿಂತರು. ಆಮೇಲೆ ಡ್ರುಸಿಲ್ಲಾ ಕೊರಳಲ್ಲಿದ್ದ, ಪುಟ್ಟ ಡಬ್ಬಿಯಂಥ ಪದಕವನ್ನು ತೆರೆದಳು. ಒಳಗೆ ದಾರ ಸುತ್ತಿದ ಎರಡು ಕುಚ್ಚು, ಮಣ್ಣು ಮಾಡುವ ಮುನ್ನ ನೆನಪಿಗೆಂದು ಕತ್ತರಿಸಿಟ್ಟ ಓರಿನ್‌ನ ಹೊಂಬಣ್ಣದ ಕೂದಲು. ಒಂದನ್ನು ತೆಗೆದು ಫಿಲೀನಾಳ ಅಂಗೈಯಲ್ಲಿಟ್ಟಳು.

"ನಿನ್ನ ಪಾಲು ಕಣೇ. ಅವತ್ತೇ ಕೊಡಬೇಕಿತ್ತು," ಎಂದು, ಅವಳ ಬೆರಳುಗಳನ್ನು ತಾನೇ ಒಂದೊಂದಾಗಿ ಮಡಿಸಿದಳು.