ಒಳಗಿರುವವರು: ಸೊನ್ನೆ

ಅವನು ಮೊದಲ ಸಲ ನೋಡಿದಾಗ ಅವಳು ಅಳುತ್ತಿದ್ದಳು. ಅಳುತ್ತಿಲ್ಲವೆಂದು ತೋರಿಸಿಕೊಳ್ಳಲು ಹೆಲ್ಮೆಟ್ಟಿನ ದೀಪವೊಂದನ್ನು ಕೈಗೆತ್ತಿಕೊಂಡು ಒರೆಸಿದ್ದನ್ನೇ ಒರೆಸುತ್ತಿದ್ದಳು.

ಅದು ಗಣಿಯ ಬಾಯಿಗೆ ಅಂಟಿಕೊಂಡಿದ್ದ ದೀಪದ ಕೋಣೆ. ಕೆಳಗಿಳಿಯುವ ಪ್ರತಿಯೊಬ್ಬನೂ ಅವಳ ಕಿಟಕಿಯಲ್ಲಿ ದೀಪ ಇಸಿದುಕೊಂಡು ಇಳಿಯಬೇಕು. ಮೇಲೆ ಬಂದವನು ಅದೇ ಕಿಟಕಿಯಲ್ಲಿ ದೀಪ ಕೊಟ್ಟು ಮನೆಗೆ ಹೋಗಬೇಕು. ಇಳಿದ ಹೊತ್ತು, ಬಂದ ಹೊತ್ತು ಎರಡನ್ನೂ ಅವಳು ಕಂಪ್ಯೂಟರಿನ ಶೀಟಿನಲ್ಲಿ ತುಂಬುತ್ತಿದ್ದಳು. ಮೇಲಿನ ಮೂಲೆಯಲ್ಲಿ ‘ಒಳಗಿರುವವರು’ ಎಂಬ ಸಂಖ್ಯೆಯೊಂದು ತಾನಾಗಿಯೇ ಕಡಿಮೆಯಾಗುತ್ತಾ ಬಂದು ಪಾಳಿಯ ಕೊನೆಗೆ ಸೊನ್ನೆಯಾಗುತ್ತಿತ್ತು. ಸೊನ್ನೆಯಾದ ಮೇಲೆಯೇ ಕೆಳಗಿನ ಬಂಡೆ ಸಿಡಿಸುವ ಗುಂಡಿ ಒತ್ತುತ್ತಿದ್ದರು.

ಆ ಬೆಳಿಗ್ಗೆ ಮ್ಯಾನೇಜರ್ ಎಲ್ಲರೆದುರು ಅವಳ ಮಾನ ಹರಾಜು ಹಾಕಿದ್ದ. ಶೀಟಿನ ತುಂಬ ಎರರ್ ಬರುತ್ತಿದೆ, ತಿಂಗಳ ಒಟ್ಟು ಗಂಟೆಗಳೂ ಎರರ್ ತೋರಿಸುತ್ತಿವೆ, ನಿನಗೆ ದೀಪ ಒರೆಸುವುದು ಬಿಟ್ಟು ಬೇರೇನೂ ಬರುವುದಿಲ್ಲ ಎಂದಿದ್ದ. ಅದನ್ನು ಸರಿಮಾಡಲು ಆಫೀಸಿನ ಕಂಪ್ಯೂಟರ್ ರಿಪೇರಿಯವನನ್ನು ಕಳಿಸಿದ್ದ. ಗಣಿಯವರೆಲ್ಲ ಅವನನ್ನು ‘ಡಾಕ್ಟ್ರು’ ಎಂದೇ ಕರೆಯುತ್ತಿದ್ದರು.

ಡಾಕ್ಟ್ರು ಶೀಟ್ ನೋಡಿದ. ಆಮೇಲೆ ಅವಳ ಕಣ್ಣು ನೋಡಿದ. ಎರಡನ್ನೂ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿದ.

“ತಪ್ಪಾಗಿ ಬರೆದಿದ್ದನ್ನ ಹೇಗೆ ಅಳಿಸ್ತೀರಿ ಮೇಡಂ?”

ಅವಳು ಶೀಟಿನ ಒಂದು ಚೌಕದ, ಅಂದರೆ ಸೆಲ್ಲಿನ ಮೇಲೆ ನಿಂತು ಹೆಬ್ಬೆರಳಿನಿಂದ ಸ್ಪೇಸ್ ಬಾರ್ ಒತ್ತಿ ಎಂಟರ್ ಹೊಡೆದಳು. ಬರೆದದ್ದು ಮಾಯವಾಯಿತು.

“ಖಾಲಿ ಆಯ್ತಲ್ಲ?”

“ಖಾಲಿ ಥರ ಕಾಣುತ್ತೆ. ಖಾಲಿ ಅಲ್ಲ.”

ಸ್ಪೇಸ್ ಕೂಡ ಒಂದು ಅಕ್ಷರವೇ, ಕಣ್ಣಿಗೆ ಕಾಣದ ಅಕ್ಷರ ಎಂದು ಅವನು ತಿಳಿಸಿ ಹೇಳಿದ. ಸೆಲ್ ನಿಜವಾಗಿ ಖಾಲಿ ಇದ್ದರೆ, ಬಂದ ಹೊತ್ತಿನಿಂದ ಇಳಿದ ಹೊತ್ತು ಕಳೆದು ಗಂಟೆ ಹೇಳುವ ಫಾರ್ಮುಲಾ ಸುಮ್ಮನಿರುತ್ತದೆ. ಸ್ಪೇಸ್ ಇದ್ದರೆ ಅದೊಂದು ಹೊತ್ತೆಂದು ನಂಬಿ ಕಳೆಯಲು ಹೋಗಿ ಎರರ್ ಕೊಡುತ್ತದೆ. ಇನ್ನು ಮೇಲೆ ಡಿಲೀಟ್ ಒತ್ತಿ ಎಂದ. ಹಳೆಯ ಸ್ಪೇಸ್‌ಗಳನ್ನೆಲ್ಲ ಒಂದೊಂದಾಗಿ ಹೆಕ್ಕಿ ತೆಗೆದ.

ಅಲ್ಲಿಗೇ ಎದ್ದು ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವಳ ಕೆಂಪಾದ ಕಣ್ಣು ನೋಡಿ ಅವನು ಏಳಲಿಲ್ಲ. ಯಾವುದೇ ಕಾರಣಕ್ಕೆ ಎರರ್ ಬಂದರೂ ಅದನ್ನು ತೋರಿಸದೆ ಬರಿದಾಗಿ ಬಿಡುವಂತೆ ಫಾರ್ಮುಲಾ ಬದಲಿಸಿದ.

“ಇನ್ಮೇಲೆ ಇದು ಕಿರುಚಲ್ಲ. ನೀವೂ ಅಳಬೇಕಾಗಿಲ್ಲ.”

ಅವಳು ನಕ್ಕಳು. ಮುಗಿಯಿತು! ಡಾಕ್ಟ್ರಿಗೇ ರೋಗ ಹತ್ತಿತು.

ಪಾಪ, ಹುಣ್ಣಿಗೆ ಮದ್ದು ಹಚ್ಚಿದವನು ಅದರ ಮೇಲೆ ಬಟ್ಟೆಯನ್ನೂ ಮುಚ್ಚಿದ್ದ. ಸ್ಪೇಸ್ ಇರುವ ಸೆಲ್ಲನ್ನು ಮೂಲೆಯ ‘ಒಳಗಿರುವವರು’ ಲೆಕ್ಕ ತುಂಬಿದ ಸೆಲ್ ಎಂದೇ ಎಣಿಸುತ್ತದೆ. ಅಂದರೆ ಆ ಮನುಷ್ಯ ಮೇಲೆ ಬಂದ ಲೆಕ್ಕ. ಅದನ್ನು ಕೂಗಿ ಹೇಳುತ್ತಿದ್ದದ್ದು ಪಕ್ಕದ ಎರರ್ ಒಂದೇ. ಈಗ ಅದರ ಬಾಯಿಯೂ ಮುಚ್ಚಿತ್ತು. ಇದು ಅವತ್ತು ಇಬ್ಬರಿಗೂ ಹೊಳೆಯಲಿಲ್ಲ.

ನಾಲ್ಕು ತಿಂಗಳು ಕಳೆಯಿತು. ದೀಪದ ಕೋಣೆಯ ಕಂಪ್ಯೂಟರಿಗೆ ಇಲ್ಲದ ಕಾಯಿಲೆಗಳೆಲ್ಲ ಬಂದವು. ಕೀಬೋರ್ಡಿಗೆ ಧೂಳು, ಪ್ರಿಂಟರಿಗೆ ಕೆಮ್ಮು. ದಿನಕ್ಕೊಂದು ನೆಪ ಹಿಡಿದು ಡಾಕ್ಟ್ರು ಹಾಜರಾಗುತ್ತಿದ್ದ.

ಅವನ ಅಣ್ಣ ಅದೇ ಗಣಿಯಲ್ಲಿ ಪಂಪ್ ನೋಡಿಕೊಳ್ಳುತ್ತಿದ್ದ. ತಳದಲ್ಲಿ ನೀರು ನಿಲ್ಲದಂತೆ ನೋಡಿ ಎಲ್ಲರಿಗಿಂತ ಕೊನೆಗೆ ಮೇಲೆ ಬರುವವನು. ದೀಪ ಒಪ್ಪಿಸುವಾಗ ಕಿಟಕಿಯೊಳಗೆ ಬಗ್ಗಿ, ನಮ್ಮ ತಮ್ಮನಿಗೆ ಮನೆಯ ಸ್ವಿಚ್ ರಿಪೇರಿ ಮಾಡೋಕೆ ಪುರುಸೊತ್ತಿಲ್ಲ, ಇಲ್ಲಿ ಮಾತ್ರ ಬಿಡುವೇ ಬಿಡುವು ಎಂದು ಕಿಚಾಯಿಸುತ್ತಿದ್ದ. ಅವಳು ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದಳು. ಒಡಹುಟ್ಟಿದವರಿಲ್ಲದ ಅವಳಿಗೆ ಆ ಪದ ಬಾಯಿತುಂಬ ಬರುತ್ತಿತ್ತು.

ಆ ದಿನ ಪಾಳಿ ಬಿಡುವ ಹೊತ್ತು. ಕಿಟಕಿಯ ಮುಂದೆ ಉದ್ದ ಸಾಲು. ಡಾಕ್ಟ್ರು ಎರಡು ಲೋಟ ಚಹಾ ಹಿಡಿದು ಅವಳ ಕುರ್ಚಿಯ ಪಕ್ಕ ಬಂದು ನಿಂತ. ನಿಂತವನು ಯಾವತ್ತಿನ ಹಾಗೆ ತಮಾಷೆ ಮಾಡಲಿಲ್ಲ.

“ಅತ್ತಿಗೆ ನಿಮ್ಮನ್ನ ನೋಡಬೇಕಂತೆ. ಭಾನುವಾರ ಮನೆಗೆ ಬರ್ತೀರಾ?”

ಅದೇ ಗಳಿಗೆಯಲ್ಲಿ ಅವಳ ಬೆರಳು ಶೀಟಿನಲ್ಲಿ ಒಂದು ಸಾಲು ಕೆಳಗೆ ಜಾರಿತ್ತು. ಮೇಲೆ ಬಂದವನ ಹೊತ್ತನ್ನು ಪಂಪಿನ ಅಣ್ಣನ ಸಾಲಿನಲ್ಲಿ ಬರೆದಿದ್ದಳು. ತಪ್ಪು ಕಂಡಿತು, ತಕ್ಷಣ ಅಳಿಸಿದಳು. ಸರಿಯಾದ ಸಾಲಿನಲ್ಲಿ ಬರೆದು, ತಲೆ ಎತ್ತದೆಯೇ “ಬರ್ತೀನಿ” ಎಂದಳು.

ಅಳಿಸಿದ್ದು ಹೆಬ್ಬೆರಳಿನಿಂದ.

ಕಿಟಕಿಯ ಮುಂದಿನ ಸಾಲು ಕರಗಿತು. ಮೂಲೆಯ ಸಂಖ್ಯೆ ಸೊನ್ನೆಗೆ ಬಂತು. ಅವಳು ಎಂದಿನಂತೆ ಫೋನ್ ಎತ್ತಿ, ಎಲ್ಲರೂ ಮೇಲೆ ಬಂದರು ಎಂದು ತಿಳಿಸಿದಳು. ಸೈರನ್ ಕೂಗಿತು. ಗುಂಡಿ ಒತ್ತಿದರು. ಕಾಲಡಿಯ ನೆಲ ದಿನವೂ ನಡುಗುವಂತೆಯೇ ಒಮ್ಮೆ ನಡುಗಿ ಸುಮ್ಮನಾಯಿತು.

ಇಪ್ಪತ್ತು ನಿಮಿಷ ಬಿಟ್ಟು ಅದೇ ಫೋನ್ ರಿಂಗಾಯಿತು. ಡಾಕ್ಟ್ರ ಅತ್ತಿಗೆ.

“ಇವರು ಇನ್ನೂ ಹೊರಟಿಲ್ವಾ ತಂಗಿ?”

ಅವಳು ತಿರುಗಿ ದೀಪದ ಗೂಡುಗಳನ್ನು ನೋಡಿದಳು. ಕೆಟ್ಟು ರಿಪೇರಿಗೆ ಹೋದ ದೀಪಗಳ ಗೂಡುಗಳು ಯಾವಾಗಲೂ ಐದಾರು ಖಾಲಿಯಿರುತ್ತಿದ್ದರಿಂದ ಇನ್ನೊಂದು ಖಾಲಿ ಗೂಡು ಕಣ್ಣಿಗೆ ಬಿದ್ದಿರಲಿಲ್ಲ. ಅಣ್ಣನ ಗೂಡಿನಲ್ಲೂ ದೀಪವಿರಲಿಲ್ಲ. ಕೈಯಲ್ಲಿದ್ದ ಫೋನ್ ಕೆಳಗೆ ಬಿತ್ತು.

ಮಾರನೆಯ ದಿನ ಬೆಳಿಗ್ಗೆ ಅಣ್ಣನನ್ನು ಮೇಲೆ ತಂದರು. ಮುಖ ಯಾರಿಗೂ ತೋರಿಸಲಿಲ್ಲ.

ಅಂತ್ಯಕ್ರಿಯೆಯಲ್ಲಿ ಡಾಕ್ಟ್ರು ಅವಳತ್ತ ಒಂದು ಸಲವೂ ತಿರುಗಲಿಲ್ಲ. ಅವಳು ಹಿಂದಿನ ಸಾಲಿನಲ್ಲಿ ತನ್ನ ಹೆಬ್ಬೆರಳನ್ನು ಅಂಗೈಯೊಳಗೆ ಮುಚ್ಚಿಕೊಂಡು ನಿಂತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಿತ್ತು ಅವಳ ಸ್ಥಿತಿ. ಇವನಿಗೆ ಗೊತ್ತಾಗಿದೆ... ನಾನೇ ಕೊಂದೆ ಅಂತ ಗೊತ್ತಾಗಿದೆ... ಅದಕ್ಕೇ ನನ್ನ ಮುಖ ನೋಡುತ್ತಿಲ್ಲ.

ವಿಚಾರಣೆಗೆ ಹೊರಗಿನಿಂದ ಅಧಿಕಾರಿಯೊಬ್ಬರು ಬಂದರು. ಅವಳನ್ನು ಕೇಳಿದ್ದು ಎರಡೇ ಪ್ರಶ್ನೆ. ಸಂಖ್ಯೆ ಸೊನ್ನೆ ತೋರಿಸಿತ್ತೇ? ತೋರಿಸಿತ್ತು. ಫಾರ್ಮುಲಾ ನೀವು ಮುಟ್ಟಿದ್ದಿರಾ? ಇಲ್ಲ. ಎರಡೂ ನಿಜವೇ. ಮೂರನೆಯದು, ಹೆಬ್ಬೆರಳಿನ ಮಾತು, ಅವರು ಕೇಳಲಿಲ್ಲ, ಅವಳು ಹೇಳಲಿಲ್ಲ. ಹತ್ತೊಂಬತ್ತು ದಿನ ಅದು ಅವಳೊಳಗೇ ಇತ್ತು. ಅನ್ನ ಇಳಿಯಲಿಲ್ಲ, ನಿದ್ದೆ ಹತ್ತಲಿಲ್ಲ.

ಇಪ್ಪತ್ತನೆಯ ದಿನ ಮ್ಯಾನೇಜರ್ ಕಿಟಕಿಯ ಬಳಿ ಬಂದು, ಒಳ್ಳೆಯ ಸುದ್ದಿ ತಂದವನಂತೆ ದನಿ ತಗ್ಗಿಸಿದ. ಡಾಕ್ಟ್ರು ಎಲ್ಲವನ್ನೂ ಒಪ್ಪಿಕೊಂಡು ಸಹಿ ಹಾಕಿದ್ದಾನೆ. ಎಣಿಕೆಯ ಫಾರ್ಮುಲಾ ತಾನೇ ತಪ್ಪಾಗಿ ಬರೆದೆ, ಖಾಲಿ ಸೆಲ್ಲನ್ನೂ ಅದು ತುಂಬಿದ್ದೆಂದು ಎಣಿಸಿತು ಅಂದಿದ್ದಾನೆ. ಕೆಲಸವಂತೂ ಹೋಯಿತು, ಜೈಲೂ ಆಗಬಹುದು.

“ನೀನು ಬಚಾವಾದೆ,” ಎಂದು ಮ್ಯಾನೇಜರ್ ಸಮಾಧಾನ ಹೇಳಿ ಹೋದ.

ಅವಳು ಕೂತಲ್ಲೇ ಲೆಕ್ಕ ಹಾಕಿದಳು. ಅಂದರೆ ಅವನಿಗೆ ಗೊತ್ತೇ ಇಲ್ಲ! ನನ್ನ ತಪ್ಪನ್ನು ತನ್ನದೆಂದುಕೊಂಡು ಕೊರಗುತ್ತಿದ್ದಾನೆ. ಬಾಯಿ ಬಿಟ್ಟರೆ ಅವನು ನನಗೆ ಈ ಜನ್ಮದಲ್ಲಿ ಸಿಗುವುದಿಲ್ಲ. ಬಿಡದಿದ್ದರೆ ಸ್ವಂತ ಅಣ್ಣನನ್ನು ಕೊಂದವನೆಂಬ ಹೆಸರು ಹೊತ್ತು ಬದುಕುತ್ತಾನೆ... ಯಾವುದು ಬೇಕು ನಿನಗೆ?

ಅವಳು ಆ ದಿನದ ಶೀಟ್ ತೆರೆದಳು. ಸ್ಪೇಸನ್ನು ತೋರಿಸಿದರೆ ಸಾಕು, ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅಣ್ಣನ ಸಾಲು ಹುಡುಕಿ ಸೆಲ್ ಒಳಗೆ ಹೋದಳು. ಕರ್ಸರಿನ ಮಿನುಗುವ ಗೆರೆ ಒಂದು ಅಕ್ಷರದಷ್ಟು ಸರಿದು ನಿಲ್ಲಬೇಕಿತ್ತು. ಅದು ಅಂಚಿಗೆ ಅಂಟಿಕೊಂಡು ನಿಂತಿತ್ತು.

ಸ್ಪೇಸ್ ಇರಲಿಲ್ಲ. ಸೆಲ್ ನಿಜವಾಗಿಯೂ ಖಾಲಿಯಿತ್ತು.

ಹಾಗಾದರೆ ಮೂಲೆಯಲ್ಲಿ ಸೊನ್ನೆ ಹೇಗೆ? ಹಿಂದಿನ ದಿನದ ಶೀಟ್ ತೆರೆದು ಎರಡರ ಫಾರ್ಮುಲಾ ಅಕ್ಕಪಕ್ಕ ಇಟ್ಟು ನೋಡಿದಳು. ಎರಡೂ ಒಂದೇ ಅಲ್ಲ. ಹಿಂದಿನ ದಿನದ್ದು ಸರಿಯಾಗಿತ್ತು. ಸಾವಿನ ದಿನದ್ದನ್ನು ಯಾರೋ ಬೇಕೆಂತಲೇ ಕೆಡಿಸಿದ್ದರು, ಖಾಲಿ ಸೆಲ್ಲನ್ನೂ ತುಂಬಿದ್ದೆಂದು ಎಣಿಸುವಂತೆ. ಫೈಲಿನ ವಿವರ ತೆಗೆದಳು. ಕೊನೆಯ ಬದಲಾವಣೆ ಅದೇ ಸಂಜೆ ಆರೂ ನಲವತ್ತಕ್ಕೆ, ಅವಳೂ ಉಳಿದವರೂ ಗಣಿಯ ಬಾಯಿಗೆ ಓಡಿದ್ದ ಹೊತ್ತಿನಲ್ಲಿ, ಡಾಕ್ಟ್ರ ಹೆಸರಿನಲ್ಲಿ.

ಅಣ್ಣ ಇನ್ನೂ ಕಲ್ಲುಗಳ ಕೆಳಗಿದ್ದಾಗಲೇ ಅವನು ಇಲ್ಲಿ ಕೂತು ಅವಳ ಸ್ಪೇಸ್ ಅಳಿಸಿ, ತನ್ನ ತಲೆಯ ಮೇಲೆ ತಪ್ಪು ಹೊತ್ತುಕೊಂಡಿದ್ದ.

ಅವಳು ಹಿಂದಿನ ದಿನದ ಫಾರ್ಮುಲಾವನ್ನು ನಕಲು ಮಾಡಿ ಆ ಮೂಲೆಯಲ್ಲಿ ಹಾಕಿದಳು. ಸಂಖ್ಯೆ ಬದಲಾಯಿತು.

ಒಳಗಿರುವವರು: 1.

ಅವಳು ಕೀಬೋರ್ಡಿನ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತಳು. ಕಿಟಕಿಯ ಆಚೆ ದೀಪಕ್ಕಾಗಿ ನಿಂತಿದ್ದವರು ಒಬ್ಬರೂ ಅವಸರ ಮಾಡಲಿಲ್ಲ.

ಡಾಕ್ಟ್ರ ಮನೆಯ ಬಾಗಿಲು ತೆರೆದದ್ದು ಅತ್ತಿಗೆ. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಒಳಗೆ ಗೋಡೆಗೊರಗಿ ಕೂತಿದ್ದ ಡಾಕ್ಟ್ರು ಅವಳನ್ನು ನೋಡಿ ತಟ್ಟನೆ ಎದ್ದು ನಿಂತ. ಗಡ್ಡ ಬೆಳೆದಿತ್ತು. ಕಣ್ಣುಗಳು ಒಳಸೇರಿದ್ದವು.

ಅವಳು ಹೊಸ್ತಿಲಲ್ಲಿ ನಿಂತೇ ಎಲ್ಲವನ್ನೂ ಹೇಳಿಬಿಟ್ಟಳು. ಸಾಲು ಜಾರಿದ್ದು, ಹೆಬ್ಬೆರಳಿನಿಂದ ಅಳಿಸಿದ್ದು, ಎಲ್ಲರೂ ಬಂದರೆಂದು ಫೋನ್ ಮಾಡಿದ್ದು. ಹತ್ತೊಂಬತ್ತು ದಿನ ಬಾಯಿ ಮುಚ್ಚಿಕೊಂಡಿದ್ದು. ಆಮೇಲೆ ಅವನತ್ತ ತಿರುಗಿದಳು.

“ಆ ಸ್ಪೇಸ್ ಯಾಕೆ ತೆಗೆದ್ರಿ?”

ಅವನು ಮತ್ತೆ ಗೋಡೆಗೆ ಒರಗಿದ.

“ಅದನ್ನ ಕೂಗಿ ಹೇಳೋಕೆ ಎರರ್‌ಗೆ ಬಾಯಿತ್ತು. ಮುಚ್ಚಿಸಿದ್ದು ನಾನು,” ಎಂದ. “ನಿಮ್ಮ ಕಣ್ಣಲ್ಲಿ ನೀರು ನೋಡೋಕಾಗದೆ ಮುಚ್ಚಿಸಿದೆ. ನಿಮ್ಮ ಪಕ್ಕ ನಿಂತು ಮಾತಾಡಿಸಿ ಕೈ ತಪ್ಪಿಸಿದ್ದೂ ನಾನೇ. ಅಣ್ಣ ಹೋದ. ನಿಮ್ಮನ್ನೂ ಪೊಲೀಸರು ಕರ್ಕೊಂಡು ಹೋದ್ರೆ ನನಗೆ ಅಂತ ಯಾರಿರ್ತಾರೆ?”

“ಮತ್ತೆ ನನ್ನ ಮುಖ ಯಾಕೆ ನೋಡ್ಲಿಲ್ಲ?”

“ನೋಡಿದ್ರೆ ನನಗೆ ಗೊತ್ತಿದೆ ಅಂತ ನಿಮಗೆ ತಿಳಿದುಬಿಡ್ತಿತ್ತು.”

ಹತ್ತೊಂಬತ್ತು ದಿನ ಅವನು ತನ್ನನ್ನು ದ್ವೇಷಿಸುತ್ತಿದ್ದಾನೆಂದು ನಂಬಿ ಅವಳು ಸಾಯುತ್ತಾ ಬದುಕಿದ್ದಳು. ದ್ವೇಷವಾಗಿದ್ದರೇ ಸಹಿಸುವುದು ಸುಲಭವಾಗಿರುತ್ತಿತ್ತು.

ಅತ್ತಿಗೆ ಆವರೆಗೂ ಗಂಡನ ಶರಟೊಂದನ್ನು ಮಡಚುತ್ತಾ ನಿಂತಿದ್ದಳು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು.

“ನೀವಿಬ್ರೂ ತಪ್ಪನ್ನ ನಂದು ನಂದು ಅಂತ ಎಳೆದಾಡ್ತಿದೀರಿ,” ಎಂದಳು. ದನಿಯಲ್ಲಿ ಕೋಪವೂ ಇರಲಿಲ್ಲ. “ಆ ಗುಂಡಿ ಒತ್ತೋ ಮುಂಚೆ ಒಬ್ಬನಾದ್ರೂ ಬಾಯಿಬಿಟ್ಟು ಅವರ ಹೆಸರು ಕೂಗಿ ಕರೆದಿದ್ನಾ? ಒಂದೇ ಒಂದು ಸಲ?”

ಫಾರ್ಮುಲಾ ತಪ್ಪು ಎಂದು ಬರೆದು ಫೈಲ್ ಮುಚ್ಚುತ್ತಾರೆ, ನಾಳೆಯೂ ಕಂಪ್ಯೂಟರ್ ನೋಡಿಯೇ ಗುಂಡಿ ಒತ್ತುತ್ತಾರೆ, ನಾಳೆ ಇನ್ನೊಬ್ಬಳು ಫೋನ್ ಮಾಡಿ ಕೇಳುತ್ತಾಳೆ ಎಂದಳು ಅತ್ತಿಗೆ. ನಡೆದದ್ದನ್ನು ನಡೆದ ಹಾಗೆ ಹೋಗಿ ಹೇಳಿ ಎಂದಳು. ಸ್ಪೇಸೂ ಇರಲಿ, ಬಾಯಿ ಮುಚ್ಚಿಸಿದ್ದೂ ಇರಲಿ, ಹೆಸರು ಕೂಗದೆ ಇದ್ದದ್ದೂ ಇರಲಿ.

ಅವಳು ಅತ್ತಿಗೆಯ ಕಾಲಿಗೆ ಬಗ್ಗಿದಳು. ಅತ್ತಿಗೆ ಒಂದು ಹೆಜ್ಜೆ ಹಿಂದೆ ಸರಿದಳು.

“ಕ್ಷಮಿಸ್ತೀನಿ ಅಂತ ಇವತ್ತು ನನ್ನ ಬಾಯಲ್ಲಿ ಬರಲ್ಲ. ಕೇಳ್ಬೇಡ. ಆದ್ರೆ ನೀನು ಬಂದು ಹೇಳಿದೆ. ಅದನ್ನ ಮರೆಯಲ್ಲ.”

ವಿಚಾರಣೆಯ ಆಫೀಸು ಎರಡು ಬೀದಿ ಆಚೆ. ಇಬ್ಬರೂ ನಡೆದೇ ಹೋದರು. ಮೊದಲು ನಡುವೆ ಒಬ್ಬ ಮನುಷ್ಯ ಹಿಡಿಸುವಷ್ಟು ಜಾಗವಿತ್ತು. ಎರಡನೆಯ ಬೀದಿಯಲ್ಲಿ ಅವನು ಅವಳ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

ಅಧಿಕಾರಿಯ ಕೋಣೆಯ ಹೊರಗೆ ಒಂದು ಬೆಂಚು. ಒಬ್ಬೊಬ್ಬರಾಗಿ ಬನ್ನಿ ಎಂದರು. ನಾನು ಮೊದಲು ಹೋಗುತ್ತೇನೆ ಎಂದು ಅವನು ಎದ್ದ. ಅವಳು ಅವನ ಭುಜ ಒತ್ತಿ ಕೂರಿಸಿದಳು. ತನ್ನ ಕೈಚೀಲ ತೆಗೆದು ಅವನ ತೊಡೆಯ ಮೇಲಿಟ್ಟಳು. ನಾಲ್ಕು ತಿಂಗಳ ‘ನೀವು’ ಆ ಗಳಿಗೆಯಲ್ಲಿ ತಾನಾಗಿಯೇ ಬಿದ್ದುಹೋಯಿತು.

“ಇದನ್ನ ಹಿಡ್ಕೊಂಡಿರು. ತಡ ಆಗಬಹುದು.”

“ಆಗ್ಲಿ.”

“ಈ ಬಾಗಿಲಿಂದಲೇ ಎಲ್ಲಿಗಾದ್ರೂ ಕರ್ಕೊಂಡು ಹೋದ್ರೆ?”

“ನೀನು ಹೊರಗೆ ಬರೋ ದಿನ ಕೇಳ್ಕೊಂಡು, ಆ ಬಾಗಿಲಿಗೆ ಬಂದು ನಿಂತಿರ್ತೀನಿ.”

“ವರ್ಷಗಳೇ ಆದ್ರೆ?”

ಅವನು ಚೀಲವನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡ.

“ನಿನ್ನ ಹೆಸರು ಕೂಗಿ ಕರೀತೀನಿ. ನೀನು ‘ಇದೀನಿ’ ಅನ್ನೋವರೆಗೂ ಅಲ್ಲಿಂದ ಕದಲಲ್ಲ.”