ಒಂದೇ ಹಾಳೆಯ ಪರವಾನಗಿಗೆ ಬಿದ್ದ ಮೊಹರು

ಮಂಗಳವಾರ ಬೆಳಗ್ಗೆ 10.20ಕ್ಕೆ ಬೈಂದೂರು ಠಾಣೆಗೆ ಬಂದ ಯಾಮಿನಿ ಕುರ್ಚಿ ಕೊಟ್ಟರೂ ಕೂರಲಿಲ್ಲ. ಶಿರೂರಿನಲ್ಲಿ ಸಿಗಡಿ ರೋಗದ ಸಂಶೋಧನಾಲಯ ಆಕೆಯದು. ಪ್ರಯೋಗಕ್ಕೆಂದು ವಿದೇಶದಿಂದ ತರಿಸಿದ ಕುಲಾಂತರಿ ಬ್ಯಾಕ್ಟೀರಿಯಾದ ಪೆಟ್ಟಿಗೆಯನ್ನು ವಿಮಾನ ನಿಲ್ದಾಣದಲ್ಲಿ ತಡೆಹಿಡಿದಿದ್ದರು. ಆಮದು ಪರವಾನಗಿ ಈಗ ಆನ್‌ಲೈನ್‌ನಲ್ಲಿ ಒಂದೇ ಹಾಳೆಯಾಗಿ ಬರುತ್ತದೆ, ಮೊಹರಿನ ಗೊಡವೆಯೇ ಇಲ್ಲ. ಯಾಮಿನಿಯ ಕಚೇರಿಯಿಂದ ಹೋದ ಹಾಳೆಯ ಮೇಲೆ ಮಾತ್ರ ದುಂಡನೆಯ ನೇರಳೆ ಮೊಹರು! ಅದನ್ನು ಹಾಕಿದ್ದು ಯಾರೆಂದು ಪೊಲೀಸರು ತಿಳಿಸದೆ ಪೆಟ್ಟಿಗೆ ಬಿಡುವಂತಿಲ್ಲ.

"ಸಂಜಿ ಐದ್ರೊಳ್ಗೆ ಬಿಡ್ದಿರೆ ಐಸ್ ಕರ್ಗಿ ಎಲ್ಲ ಸತ್ತ್ ಹೋತ್ತ್ ಮೇಡಂ. ಎರಡ್ ವರ್ಷದ್ ಕೆಲ್ಸ."

10.45ಕ್ಕೆ ಎಸ್‌ಐ ಸೌಜನ್ಯ ಎಫ್‌ಐಆರ್ ದಾಖಲಿಸಿದರು. 11.30ಕ್ಕೆ ಸಂಶೋಧನಾಲಯದ ಕಚೇರಿಯಲ್ಲಿ ಪಂಚನಾಮೆ. ಕಡತ ಬಿಚ್ಚಿದ ಹೆಡ್ ಕಾನ್‌ಸ್ಟೇಬಲ್ ರಾಜೀವನಿಗೆ ನಗು ತಡೆಯಲಾಗಲಿಲ್ಲ. ಪರವಾನಗಿಯ ಪ್ರತಿಯ ಹಿಂದೆಯೇ, ನೀಟಾಗಿ ತೂತು ಹೊಡೆದು ದಾರ ಕಟ್ಟಿದ, ಬ್ರಹ್ಮಾವರದ ರಬ್ಬರ್ ಸ್ಟಾಂಪ್ ಅಂಗಡಿಯ ರಸೀದಿ. ಕೊಂಡವರ ಹೆಸರು ಚಂದಯ್ಯ. ಮೊಬೈಲ್ ನಂಬರೂ ಇತ್ತು. ಆರೋಪಿಯೇ ಸಾಕ್ಷ್ಯವನ್ನು ಫೈಲ್ ಮಾಡಿಟ್ಟ ಪ್ರಕರಣವನ್ನು ರಾಜೀವ ತನ್ನ ಹದಿನೆಂಟು ವರ್ಷದ ಸರ್ವಿಸಿನಲ್ಲಿ ಕಂಡಿರಲಿಲ್ಲ.

ಅಂಗಡಿಗೆ ಫೋನ್ ಮಾಡಿದರೆ ಮಾಲೀಕ ರೋಷನ್, "ಹೌದ್, ಶನಿವಾರ ಬಂದಿದ್ರ್. ಸರ್ಕಾರಿ ಕೆಲ್ಸ ಅಂದ್ರ್" ಎಂದ.

ಸಂಸ್ಥೆಯ ಹಿರಿಯ ಗುಮಾಸ್ತ ಚಂದಯ್ಯ ಪಕ್ಕದ ಕೋಣೆಯಲ್ಲೇ ಇದ್ದರು.

"ಮೊಹರ್ ಹಾಕದ್ದ್ ಯಾರ್?" ಸೌಜನ್ಯ ಕೇಳಿದರು.

"ನಾನೇ."

"ಎಂತಕ್ಕೆ?"

"ಹೋದ್ ಸಲ ಒಂದ್ ಸೀಲ್ ಕಮ್ಮಿ ಅಂದೇಳಿ ಪೆಟ್ಟಿ ಅಲ್ಲೇ ಹಾಳಾಯ್ತ್. ಯಾಮಿನಿಯಮ್ಮ ಮೂರ್ ದಿನ ಸಮಾ ಉಣ್ಲಿಲ್ಲ. ಈ ಸಲ ಕಾಗ್ದ ಒಂಬತ್ತೇ ದಿನಕ್ಕೆ ಬಂತ್, ಬೋಳ್‌ಬೋಳು. ಯಾರ್ ನಂಬ್ತ್ರ್ ಮೇಡಂ?"

ಮೇಜಿನ ಡ್ರಾಯರಿನಿಂದ ಮೊಹರು ಜಪ್ತಿಯಾಯಿತು. 1.15ಕ್ಕೆ ಬಂಧನ. ಪರವಾನಗಿ ಅಸಲಿ ಎಂದು ಅದನ್ನು ಕೊಟ್ಟ ಇಲಾಖೆಯಿಂದ ಖಚಿತಪಡಿಸಿಕೊಂಡು, ಮೊಹರು ಹಾಕಿದವನು ಸಿಕ್ಕಿದ್ದಾನೆಂದು ಸೌಜನ್ಯ ವಿಮಾನ ನಿಲ್ದಾಣಕ್ಕೆ ವರದಿ ಕಳಿಸಿದರು. ಕೇಸ್ ಡೈರಿಯಲ್ಲಿ ಹೀಗೆ ಬರೆದರು: ಆರೋಪಿಗೆ ಲಾಭದ ಉದ್ದೇಶವಿಲ್ಲ; ಸಂಸ್ಥೆಯ ಮುಖ್ಯಸ್ಥೆ ಇನ್ನೊಮ್ಮೆ ಊಟ ಬಿಟ್ಟು ಕೂರಬಾರದೆಂದು ಮಾಡಿದ್ದು.

4.25ಕ್ಕೆ ಯಾಮಿನಿ ಠಾಣೆಗೆ ಓಡಿ ಬಂದಳು.

"ಚಂದಯ್ಯಣ್ಣ, ಪೆಟ್ಟಿ ಬಿಟ್ರ್! ಜಾಮೀನಿಗೆ ನಾನೇ ನಿಲ್ತೆ."

ಚಂದಯ್ಯ ಕೂತಲ್ಲಿಂದ ಎದ್ದು ನಿಂತರು. ಸಂತೋಷಕ್ಕೆ ಕಣ್ಣು ತುಂಬಿತು.

"ಹಾಂಗಾರೆ ಬರೀ ಹಾಳಿಯೇ ಸಾಕಿತ್ತಾ?"

"ಸಾಕಿತ್ತ್."

"ಹಾಂಗಾರೆ ಇಪ್ಪತ್ತ್ ವರ್ಷ ನಾನ್ ಸೀಲ್ ಹಾಕ್ಸುಕೆ ಆಫೀಸಿಂದ ಆಫೀಸಿಗೆ ತಿರ್ಗದ್ದ್ ಎಂತಕ್ಕೆ?"

ಕೇಳಿ ಮೊದಲು ನಕ್ಕವರೂ ಚಂದಯ್ಯನವರೇ.