ಬಾವಿಕಟ್ಟೆಯಿಂದ ಎದ್ದವಳು

"ಹಳೇ ಕಾದಂಬರೀಲಿ ಗಂಡ ಸತ್ತ ಎಂಗ್ಸಿಗೆ ಎರಡೇ ದಾರಿ ಕಣ್ಲಾ. ಒಂದು ಬಾವಿ, ಇನ್ನೊಂದು ಕಾಶಿ. ಕಾಶಿಗೆ ಟಿಕೆಟ್ ಬೇಕು, ಬಾವಿ ಇತ್ಲಲ್ಲೇ ಇರ್ತದೆ. ಅದ್ಕೇ ಎಲ್ರೂ..."

ವೆಂಕಿಯ ಮಾತು ಅಲ್ಲಿಗೇ ನಿಂತಿತು.

ಮಹಡಿಯ ಬಾಗಿಲಲ್ಲಿ ಶ್ಯಾಮಲ ನಿಂತಿದ್ದಳು. ಗಂಡ ಸತ್ತ ಹೆಂಗಸು!

ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಆ ಮಹಡಿಯ ಮೇಲೆ ಗೆಳೆಯರ ಶನಿವಾರದ ಕೂಟ ನಡೆದಿತ್ತು. ವೆಂಕಿಯ ರಮ್ ಗ್ಲಾಸು ತುಟಿಯ ಹತ್ತಿರವೇ ಉಳಿಯಿತು. ಆ ಮನೆಯಲ್ಲಿ ಬಾಡಿಗೆಗಿದ್ದ ಸ್ಕೂಲ್ ಟೀಚರ್ ರೂಪ ಬಿಯರ್ ಬಾಟಲಿಯನ್ನು ಕಾಲಿನಿಂದ ಕುರ್ಚಿಯ ಹಿಂದಕ್ಕೆ ತಳ್ಳಿದಳು. ನವನೀತ್ ಮಾತ್ರ ಎದ್ದು ನಿಂತ.

ವೆಂಕಿ, ನವನೀತ್ ಇಬ್ಬರೂ ಅವಳ ಗಂಡ ಗೋಪಿಯ ಜೊತೆ ಒಂದೇ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದವರು. ನವನೀತ್‌ನನ್ನು ಅವಳು ಹಿಂದೆ ನೋಡಿದ್ದು ಒಂದೇ ಸಲ, ಗೋಪಿಯನ್ನು ಅಂಗಳದಲ್ಲಿ ಮಲಗಿಸಿದ್ದ ದಿನ. ಎಲ್ಲರೂ ಅಳುತ್ತಿದ್ದಾಗ ಈ ಮನುಷ್ಯ ಒಂದು ಮೂಲೆಯಲ್ಲಿ ಗೋಪಿಯ ಚಪ್ಪಲಿಗಳನ್ನು ಜೋಡಿಸಿಡುತ್ತಿದ್ದ.

"ಅವರದ್ದೊಂದು ವಸ್ತು ನನ್ನ ಹತ್ರ ಉಳಿದಿತ್ತು. ಕೊಟ್ಟೋಗೋಣ ಅಂತ ಬಂದೆ" ಎಂದಳು ಶ್ಯಾಮಲ. ಬ್ಯಾಗಿನಿಂದ ಒಂದು ಹಳೆಯ ಪುಸ್ತಕದ ಹರಿದ ಭಾಗವನ್ನು ತೆಗೆದಳು.

ಇದು ಈ ಗೆಳೆಯರ ಪದ್ಧತಿ. ರಾಬರ್ಟ್‌ಸನ್‌ಪೇಟೆಯ ರದ್ದಿ ಅಂಗಡಿಯಲ್ಲಿ ಹಳೆಯ ದಪ್ಪ ಕಾದಂಬರಿಗಳು ಸಿಗುತ್ತಿದ್ದವು, ಆದರೆ ಒಂದೊಂದೇ ಪ್ರತಿ. ಓದುವವರು ನಾಲ್ವರು. ಹಾಗಾಗಿ ಬ್ಲೇಡಿನಿಂದ ಹೊಲಿಗೆ ಬಿಚ್ಚಿ ಪುಸ್ತಕವನ್ನೇ ನಾಲ್ಕು ಭಾಗ ಮಾಡಿಬಿಡುತ್ತಿದ್ದರು. ತಮ್ಮ ಭಾಗವನ್ನು ತಾವು ಓದಬೇಕು, ಶನಿವಾರ ಸಂಜೆ ಗ್ಲಾಸು ಹಿಡಿದು ಉಳಿದವರಿಗೆ ಹೇಳಬೇಕು. ಕೇಳುವವರು ಬರೆದವನ ಮರ್ಯಾದೆಯನ್ನು ಹರಾಜಿಗೆ ಹಾಕಬೇಕು. ಇನ್ನೊಬ್ಬರ ಭಾಗವನ್ನು ಮುಟ್ಟುವಂತಿಲ್ಲ.

ರಕ್ಷಾಪುಟವೂ ಇಲ್ಲದ, ಬರೆದವರ ಹೆಸರೂ ತಿಳಿಯದ ಈ ಕಾದಂಬರಿಯ ಕೊನೆಯ ಭಾಗ ಗೋಪಿಯ ಪಾಲಿಗೆ ಬಂದಿತ್ತು. ಅವನ ಸರದಿ ಬರುವ ಮೊದಲೇ ಜ್ವರ ಬಂತು. ಜ್ವರವೆಂದು ಮಲಗಿದವನು ಏಳಲೇ ಇಲ್ಲ.

"ಒಂದು ವರ್ಷ ಆಯ್ತು" ಎಂದಳು ರೂಪ ಮೆಲ್ಲಗೆ. "ಕತೆಯ ಶಶಿರೇಖ ಬಾವಿಕಟ್ಟೆ ಮೇಲೇ ಕೂತಿದಾಳೆ. ನಾವು ಬೇರೆ ಪುಸ್ತಕ ಶುರು ಮಾಡ್ಲಿಲ್ಲ. ನಿಮ್ಮ ಮನೆಗೆ ಬಂದು ಕೇಳೋಕೆ ಯಾರಿಗೂ ಬಾಯಿ ಬರ್ಲಿಲ್ಲ."

"ಅತ್ತಿಗೆ, ತಪ್ಪು ತಿಳ್ಕಾಬೇಡಿ" ವೆಂಕಿ ತೊದಲಿದ. "ನಾನು ಪುಸ್ತಕದ ಎಂಗ್ಸಿಗೆ ಅಂದಿದ್ದು. ಕಾಶಿ ಟಿಕೆಟ್ಟು ಅಂದ್ರೆ..."

ಟಿಕೆಟ್ಟು ಎನ್ನುತ್ತಲೇ ಶ್ಯಾಮಲಳಿಗೆ ನಗು ಬಂತು. ಬಾಯಿಗೆ ಸೆರಗು ಒತ್ತಿದರೂ ನಿಲ್ಲಲಿಲ್ಲ. ಒಂದು ವರ್ಷದಿಂದ ಕೇಳದಿದ್ದ ತನ್ನದೇ ನಗುವಿಗೆ ಅವಳು ಹೆದರಿದಳು. ನಗುತ್ತಲೇ ಅಳು ಬಂತು.

ನವನೀತ್ ಗೋಪಿಯ ಖಾಲಿ ಕುರ್ಚಿಯನ್ನು ಅವಳತ್ತ ಎಳೆದು, ಒಂದು ಗೋಲಿ ಸೋಡ ಒಡೆದು ಕೊಟ್ಟ.

"ಗೋಪಿ ಇದನ್ನೇ ಕುಡೀತಿದ್ದ. ನಮ್ಮ ಮೂವರ ಅಮಲೂ ಅವನಿಗೊಬ್ಬನಿಗೇ ಏರ್ತಿತ್ತು" ಎಂದ. "ಅವನ ಭಾಗ ನೀವೇ ಹೇಳಿ ಶ್ಯಾಮಲ ಅವರೇ. ನಾವು ಅದನ್ನ ಮುಟ್ಟೋ ಹಾಗಿಲ್ಲ."

ಅವಳು ಆ ಭಾಗವನ್ನು ಓದಿ ಮುಗಿಸಿದ್ದಳು. ಎರಡನೇ ಪುಟದಲ್ಲೇ ಶಶಿರೇಖ ಬಾವಿಗೆ ಬೀಳುತ್ತಾಳೆ. ಉಳಿದದ್ದೆಲ್ಲ ಊರವರ ಪಶ್ಚಾತ್ತಾಪ. ಆದರೆ ಆ ಮೂರು ಮುಖಗಳನ್ನು ನೋಡುತ್ತಾ, ಗೋಪಿಯ ಕುರ್ಚಿಯಲ್ಲಿ ಕೂತು, ಬಿದ್ದಳು ಎನ್ನಲು ಅವಳಿಗೆ ನಾಲಿಗೆ ಹೊರಳಲಿಲ್ಲ.

"ಶಶಿರೇಖ ಬಾವಿಕಟ್ಟೆ ಮೇಲೆ ಕೂತಿದ್ಲಾ..." ಎಂದು ಶುರು ಮಾಡಿದಳು. "ಆಗ ಹಿಂದಿನಿಂದ ಅವಳ ಅತ್ತೆ ಅಕ್ಕಯ್ಯಮ್ಮ ಬಂದ್ಳು. ಬಿಂದಿಗೆ ಕಿತ್ಕೊಂಡು, ಏಳು ಮೇಲೆ, ಮನೇಲಿ ಹಸು ಕರೆಯೋರಿಲ್ಲ ಅಂದ್ಳು."

ವೆಂಕಿ ಬಾಯಿ ತೆರೆದ. ತಕ್ಷಣವೇ ಮುಚ್ಚಿದ. ರೂಪ ಬಿಯರ್ ಕಡೆ ನೋಡಿದಳು.

"ಆಮೇಲೆ?" ಎಂದ ನವನೀತ್.

ಆಮೇಲಿನದನ್ನು ಹೇಳಲು ಮುಂದಿನ ಶನಿವಾರ ಬರಬೇಕಾಯಿತು. ಅದರ ಮುಂದಿನ ಶನಿವಾರವೂ! ರಾಬರ್ಟ್‌ಸನ್‌ಪೇಟೆಯ ಸೀರೆ ಅಂಗಡಿಯಲ್ಲಿ ಕೆಲಸ ಮುಗಿಸಿ ಅವಳು ನೇರವಾಗಿ ಈ ಮಹಡಿ ಹತ್ತುತ್ತಿದ್ದಳು. ತೆಳ್ಳಗಿನ ಭಾಗ, ಆದರೆ ಕತೆ ಮುಗಿಯುತ್ತಲೇ ಇರಲಿಲ್ಲ. ಮುಗಿದರೆ ಮತ್ತೆ ಬರಲು ಅವಳಿಗೆ ನೆಪವೆಲ್ಲಿತ್ತು?

ಆ ಕಾದಂಬರಿಯಲ್ಲಿ ಶಶಿರೇಖಳನ್ನು ಮನಸ್ಸಿನಲ್ಲೇ ಪ್ರೀತಿಸುವ ಒಬ್ಬ ಮೇಷ್ಟ್ರಿದ್ದ. ಅವನಿಗೆ ಸದಾ ಕೆಮ್ಮು.

"ಅಲ್ಲಾ, ನನ್ನ ಭಾಗದಿಂದ ಕೆಮ್ತಾನೇ ಅವ್ನೆ" ವೆಂಕಿ ರೇಗುತ್ತಿದ್ದ. "ಬರೆದೋನಿಗೆ ಒಂದು ಸಿರಪ್ ಕೊಡ್ಸೋಕೆ ಏನು ಬಂದಿತ್ತು ರೋಗ?"

"ಚಂದ್ರನ್ನ ನೋಡಿ ಮೂರು ಪುಟ ಮಾತಾಡ್ತಾನೆ ಪಾ" ಎನ್ನುತ್ತಿದ್ದಳು ರೂಪ. "ಎದುರು ನಿಂತಿರೋಳ ಹತ್ರ ಊಟ ಆಯ್ತಾ ಅಂತ ಕೇಳಲ್ಲ. ಇದು ಪ್ರೇಮವಂತೆ."

ನವನೀತ್ ಎಲ್ಲರ ಜೊತೆ ನಗುತ್ತಿದ್ದ. ಆಮೇಲೆ ಬಸ್ ಸ್ಟ್ಯಾಂಡಿನವರೆಗೆ ಅವಳ ಜೊತೆ ನಡೆಯುತ್ತಿದ್ದ. ದೂರದ ಚಿತ್ರದುರ್ಗದ ಕಡೆಯವನು, ಇಲ್ಲಿನ ಕನ್ನಡ, ತಮಿಳು, ತೆಲುಗಿನ ಕಲಬೆರಕೆಗೆ ಇನ್ನೂ ಒಗ್ಗದವನು. ದಾರಿಯಲ್ಲಿ ಗೋಪಿಯ ಮಾತೇ ಹೆಚ್ಚು. ಗೋಪಿಯ ಹೆಸರನ್ನು ತಗ್ಗಿದ ದನಿಯಲ್ಲಿ ಹೇಳದಿದ್ದವನು ಇವನೊಬ್ಬನೇ.

"ಊಟ ಆಯ್ತಾ?" ಒಂದು ಸಂಜೆ ಬಸ್ಸಿನ ಕಿಟಕಿಯ ಹೊರಗೆ ನಿಂತು ಅವನು ಕೇಳಿದ. ಕೇಳಿ ತಾನೇ ಕೆಂಪಾದ.

ಆ ರಾತ್ರಿ ಅವಳು ಗೋಪಿಯ ಫೋಟೋ ಕಡೆ ನೋಡದೆ ಮಲಗಿದಳು. 'ನಾನು ಮಾಡ್ತಿರೋದು ತಪ್ಪಾ? ಅವರ ಸ್ನೇಹಿತ... ಅವರ ಕುರ್ಚಿ... ಅವರ ಕತೆ...'

ಮುಂದಿನ ಶನಿವಾರ ಅವಳು ಹೇಳಿದ ಕತೆಯಲ್ಲಿ ಅಕ್ಕಯ್ಯಮ್ಮ ಸೊಸೆಯ ತಲೆ ಬಾಚುತ್ತಾ ಹೇಳಿದಳು: 'ಆ ಮೇಷ್ಟ್ರು ಒಳ್ಳೇವನು. ನನ್ನ ಮಗನ್ನ ನೀನು ಮರೆಯಲ್ಲ ಅಂತ ನಂಗೊತ್ತು. ಅದ್ಕೇ ನಿನ್ನ ಕಳಿಸ್ಕೊಡೋಕೆ ಭಯ ಇಲ್ಲ.'

ಮಹಡಿಯ ಮೇಲೆ ಯಾರೂ ಜೋಕು ಮಾಡಲಿಲ್ಲ. ವೆಂಕಿ ಕೂಡ. ನವನೀತ್ ಎದ್ದು ಹೋಗಿ, ಚಿನ್ನದ ಗಣಿಯ ಕಸ ಸುರಿದ ಸೈನೈಡ್ ದಿಬ್ಬದ ಕಡೆ ಮುಖ ಮಾಡಿ ನಿಂತ.

ಎಲ್ಲ ಕೆಟ್ಟಿದ್ದು ಅದರ ಮುಂದಿನ ವಾರ.

ಶ್ಯಾಮಲ ಬೇಗ ಬಂದಿದ್ದಳು. ರೂಪ ಕೆಳಗೆ ಬೋಂಡ ಕರಿಯುತ್ತಿದ್ದಳು. ಮೇಜಿನ ಮೇಲೆ ಕಾದಂಬರಿಯ ಉಳಿದ ಮೂರು ಭಾಗಗಳಿದ್ದವು. ಮುಟ್ಟಬಾರದೆಂಬ ನಿಯಮ ಗೊತ್ತಿದ್ದೂ ಅವಳು ಮೂರನೆಯದನ್ನು ತೆರೆದಳು. ಅದು ನವನೀತ್ ಓದಿ ಹೇಳಿದ್ದ ಭಾಗ. ಅವನ ಕಣ್ಣು ಹರಿದಾಡಿದ ಪುಟಗಳನ್ನು ನೋಡುವ ಆಸೆ, ಅಷ್ಟೇ.

ಅದರಲ್ಲಿ ಅಕ್ಕಯ್ಯಮ್ಮ ಪ್ಲೇಗಿನಲ್ಲಿ ಸತ್ತಿದ್ದಳು. ಹೆಣ ಎತ್ತಿದ್ದು, ಸೊಸೆ ಅತ್ತಿದ್ದು, ಎಲ್ಲ ವಿವರವಾಗಿತ್ತು.

ಶ್ಯಾಮಲ ಆ ಪುಟವನ್ನು ಮತ್ತೊಮ್ಮೆ ಓದಿದಳು. ತನ್ನ ಭಾಗದಲ್ಲಿ 'ಅಕ್ಕಯ್ಯಮ್ಮನ ಕೋಣೆ' ಎಂದು ಎಲ್ಲೋ ಒಮ್ಮೆ ಬಂದಿತ್ತು. ಬದುಕಿದ್ದಾಳೆಂದುಕೊಂಡು ಅವಳು ಕರೆತಂದಿದ್ದಳು. ಹಾಗಾದರೆ ಮೊದಲ ಸಂಜೆಯೇ ಇವರಿಗೆಲ್ಲ ಗೊತ್ತಾಗಿತ್ತು. ಇಷ್ಟು ವಾರ ಅವಳು ಸುಳ್ಳು ಹೆಣೆಯುವುದನ್ನು ನೋಡುತ್ತಾ ಕೂತಿದ್ದರು. ಸತ್ತವಳ ಬಾಯಲ್ಲಿ ತನ್ನ ಮನಸ್ಸಿನ ಆಸೆಯನ್ನು ಆಡಿಸಿದ್ದನ್ನೂ ಕೇಳಿದ್ದರು...

ಮೆಟ್ಟಿಲಲ್ಲಿ ಸೋಡ ಬಾಟಲಿಗಳ ಜೊತೆ ನವನೀತ್ ಎದುರಾದ.

"ಅಕ್ಕಯ್ಯಮ್ಮ ಸತ್ತಿದ್ದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಎಲ್ರೂ ಸೇರಿ ಕನಿಕರ ಪಟ್ರಿ. ಪಾಪ, ಗಂಡ ಸತ್ತೋಳು, ಏನೋ ಒದರ್ಕೊಳ್ಳಲಿ ಅಂತ."

"ಹಾಗಲ್ಲ ಶ್ಯಾಮಲ ಅವರೇ, ಒಂದು ನಿಮಿಷ..."

ಅವಳು ನಿಲ್ಲಲಿಲ್ಲ. ಬಾಟಲಿಗಳನ್ನು ಹಿಡಿದ ಕೈಯಲ್ಲಿ ಅವಳನ್ನು ತಡೆಯಲು ಅವನಿಗೂ ಆಗಲಿಲ್ಲ.

ಆಮೇಲಿನ ಶನಿವಾರಗಳಲ್ಲಿ ಶ್ಯಾಮಲ ಅಂಗಡಿಯಿಂದ ನೇರವಾಗಿ ಊರಿಗೆ ಬಂದಳು. ಫೋನ್ ಬಂದರೆ ಎತ್ತಲಿಲ್ಲ. ನಾಚಿಕೆಯೋ ಸಿಟ್ಟೋ ಅವಳಿಗೇ ತಿಳಿಯಲಿಲ್ಲ. ತಿಳಿದದ್ದು ಒಂದೇ, ಎರಡನೇ ಸಲ ಯಾರನ್ನೋ ಕಳೆದುಕೊಂಡಂತೆ ಎದೆ ನೋಯುತ್ತಿತ್ತು.

ಬಂಗಾರಪೇಟೆ ಹತ್ತಿರದ ಆ ಊರಿನಲ್ಲಿ, ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಅವಳ ಅತ್ತೆ ಅಶ್ವತ್ಥಮ್ಮ ತಲೆಯೆತ್ತದೆ ಕೇಳಿದರು.

"ಯಾಕಮ್ಮಾ, ಕತೆ ನಿಂತೋಯ್ತಾ?"

ಶನಿವಾರದ ಕತೆಯನ್ನು ಭಾನುವಾರ ಅತ್ತೆಗೆ ಹೇಳುವುದು ರೂಢಿಯಾಗಿತ್ತು. ಮೇಷ್ಟ್ರ ಬಗ್ಗೆ ಅತ್ತೆಯೂ ಸಾಕಷ್ಟು ಬೈದಿದ್ದರು.

"ಅಕ್ಕಯ್ಯಮ್ಮ ಆವಾಗ್ಲೇ ಸತ್ತೋಗಿದ್ಲಂತೆ ಅತ್ತೆ. ನಾನೇ ಗೊತ್ತಿಲ್ದೆ ಬದುಕ್ಸಿಬಿಟ್ಟಿದ್ದೆ."

ಹಾಲಿನ ಸದ್ದು ನಿಂತಿತು.

"ನಿಜವಾದ ಕತೇಲಿ ಆ ಉಡುಗಿ ಏನ್ ಮಾಡಿದ್ಲು?"

"ಬಾವಿಗೆ ಬಿದ್ಲು."

ಅಶ್ವತ್ಥಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡರು. ಎದ್ದು ಹಸುವಿನ ಬೆನ್ನು ಸವರಿದರು.

"ನಿನ್ನ ಮೇಷ್ಟ್ರು ಯಾರು ಅಂತ ನಂಗೊತ್ತು ಕಣಮ್ಮಾ. ನನ್ನ ಮಗನ ಚಪ್ಪಲಿ ಜೋಡಿಸ್ದ ಉಡುಗ ಅಲ್ವಾ? ನೀನು ಕತೆ ಏಳೋವಾಗ ನಿನ್ನ ಮುಖ ನೋಡ್ತಿದ್ದೆ." ಅವರ ದನಿ ಒಡೆಯಿತು. "ಒಟ್ಟೆ ಉರೀತದೆ, ಇಲ್ಲ ಅನ್ನಲ್ಲ. ನನ್ನ ಗೋಪಿ ಇದ್ದಿದ್ರೆ ಅಂತ ಉರೀತದೆ. ಆದ್ರೆ ಅಕ್ಕಯ್ಯಮ್ಮ ಸತ್ರೆ ಸಾಯ್ಲಿ. ನಾನಿನ್ನೂ ಸತ್ತಿಲ್ವಲ್ಲ."

ಶ್ಯಾಮಲ ಅತ್ತೆಯ ಹೆಗಲಿಗೆ ಮುಖವಿಟ್ಟು ಅತ್ತಳು. ಇಬ್ಬರೂ ಅತ್ತರು. ಅಂಗಳದಲ್ಲಿ ಮಾವ ರಾಮಚಂದ್ರಪ್ಪ ಕೆಮ್ಮಿ ಸದ್ದು ಮಾಡುವವರೆಗೆ.

ಆ ಶನಿವಾರ ಅಂಗಡಿಗೆ ರಜೆ ಹಾಕಿದ್ದ ಅವಳು ಸಂಜೆ ಕೆಜಿಎಫ್ ಬಸ್ಸಿಗೆಂದು ಬಂಗಾರಪೇಟೆ ಬಸ್ ಸ್ಟ್ಯಾಂಡಿಗೆ ಬಂದಳು. ಪಾನಿಪುರಿ ಗಾಡಿಯ ಪಕ್ಕದ ಕಲ್ಲುಬೆಂಚಿನ ಮೇಲೆ ನವನೀತ್ ಕೂತಿದ್ದ. ತಟ್ಟೆಯಲ್ಲಿನ ಪೂರಿಗಳು ನೀರಿನಲ್ಲಿ ನೆನೆದು ಮೆತ್ತಗಾಗಿದ್ದವು.

"ನೀವಿಲ್ಲಿ?"

ಅವನು ದಡಬಡಿಸಿ ಎದ್ದ. "ನೀವು ಬರದ ಶನಿವಾರಗಳಲ್ಲೆಲ್ಲ, ನೀವು ಮನೆ ಸೇರಿದ ಮೇಲೆ ಇಲ್ಲಿ ಬಂದು ಕೂರ್ತಿದ್ದೆ. ನಿಮ್ಮೂರಿನ ದಾರಿ ಹಿಡಿಯೋಕೆ ಧೈರ್ಯ ಬರಲಿಲ್ಲ."

"ಕೆಮ್ತಾ ಕೂತಿದ್ರಾ?"

ಅವನಿಗೆ ನಗು ಬಂತು, ಕಣ್ಣೂ ತುಂಬಿತು.

"ಕನಿಕರ ಅಲ್ಲ ಶ್ಯಾಮಲ" ಎಂದ. ಅವರೇ ಎನ್ನುವುದು ಬಿಟ್ಟುಹೋಗಿತ್ತು. "ಅಕ್ಕಯ್ಯಮ್ಮ ಸತ್ತ ಭಾಗವನ್ನು ಅವತ್ತು ನಾನು ಹೇಳಿದಾಗ, ಎದುರಿಗೆ ಗೋಪಿ ಕೂತಿದ್ದ. ಅಯ್ಯೋ ಮುದುಕೀನ ಯಾಕಪ್ಪಾ ಸಾಯಿಸ್ದೆ ಅಂತ ನನ್ನನ್ನೇ ಬೈದ. ಅವನ ಕುರ್ಚಿಯಲ್ಲಿ ಕೂತು ನೀವು ಆಕೆಯನ್ನ ಎಬ್ಬಿಸಿಕೊಂಡು ಬಂದ್ರಿ. ಅದನ್ನ ನಿಲ್ಲಿಸೋ ಮನಸ್ಸು ಯಾರಿಗಿತ್ತು?"

ಶ್ಯಾಮಲ ಬ್ಯಾಗನ್ನು ಎದೆಗೊತ್ತಿಕೊಂಡಳು.

"ಆಮೇಲೆ ನನ್ನ ಸ್ವಾರ್ಥವೂ ಸೇರಿತು. ಕತೆ ಮುಗಿಯದಿರಲಿ ಅಂತ ವಾರವಿಡೀ ಬೇಡಿಕೊಳ್ತಿದ್ದೆ. ನಿಮ್ಮನ್ನ ಪ್ರೀತಿಸ್ತೀನಿ. ಗೋಪಿಯ ಜಾಗ ನನಗೆ ಬೇಡ, ಅದು ಅವನದೇ. ಪಕ್ಕದಲ್ಲೊಂದು ಕುರ್ಚಿ ಹಾಕಿಕೊಳ್ಳಲಾ?"

ಅವಳು ಬ್ಯಾಗಿನಿಂದ ಕೊನೆಯ ಭಾಗವನ್ನು ತೆಗೆದು ಅವನ ಕೈಗಿಟ್ಟಳು. ಅವನು ಎರಡು ಪುಟ ಓದಿದ. ಬಾವಿಯವರೆಗೆ ಓದಿ ನಿಲ್ಲಿಸಿದ.

"ಅಚ್ಚಾಗಿರೋದು ಇದೇನಾ?"

"ಇದೇ. ಅತ್ತೆಗೂ ಹೇಳ್ದೆ."

"ಅತ್ತೆ... ಏನಂದ್ರು?"

"ನಿನ್ನ ಮೇಷ್ಟ್ರು ಕುಡೀತಾನಾ ಅಂತ ಕೇಳಿದ್ರು."

ಅವನು ಗಾಬರಿಯಾದ. "ನೀವೇನಂದ್ರಿ?"

"ಶನಿವಾರ ಶನಿವಾರ, ಅಂದೆ." ಅವಳು ಅವನ ಕೈಯಲ್ಲಿದ್ದ ತಟ್ಟೆಯನ್ನು ತೆಗೆದು ಬೆಂಚಿನ ಮೇಲಿಟ್ಟಳು. ಖಾಲಿಯಾದ ಆ ಕೈಯನ್ನು ಹಿಡಿದುಕೊಂಡಳು. "ಅದ್ಕೆ ಅತ್ತೆ, ಹಾಲು ಕಾಯ್ಸಿಟ್ಟಿರ್ತೀನಿ, ಬರೋಕೇಳು, ನನ್ನ ಮಗನ ಮಾತು ಆಡೋಕೆ ನಂಗೂ ಜನ ಬೇಕು ಅಂದ್ರು."